ಹಡಗು ನಿಮಗಾಗಿ ನಿಲ್ಲುವುದಿಲ್ಲ

ರಂಗನತಿಟ್ಟಿನ ದೋಣಿಯಲ್ಲಿ ಕುಳಿತು ಫೋಟೊ ತೆಗೆಯುವುದನ್ನು ಕಲಿತವರಿಗೆ ಒಂದು ಅಭ್ಯಾಸ ಅಂಟಿಕೊಂಡಿರುತ್ತದೆ. ಕೊಕ್ಕರೆ ರೆಕ್ಕೆ ಬಿಚ್ಚುವ ಸೂಚನೆ ಕಂಡರೆ ಸಾಕು, "ಅಣ್ಣಾ, ಒಂದ್ನಿಮಿಷ ಹಿಡ್ಕೊಳ್ಳಿ" ಎನ್ನುತ್ತೇವೆ. ದೋಣಿಯವರು ಹುಟ್ಟನ್ನು ನೀರಿಗೆ ಒತ್ತಿ ಹಿಡಿಯುತ್ತಾರೆ. ಬೆಳಕು ಯಾವ ಕಡೆಯಿಂದ ಬೀಳುತ್ತಿದೆ ಎಂಬುದು ನಮಗಿಂತ ಅವರಿಗೇ ಚೆನ್ನಾಗಿ ಗೊತ್ತು, ಕೇಳದಿದ್ದರೂ ದೋಣಿಯನ್ನು ತಿರುಗಿಸಿಕೊಡುತ್ತಾರೆ. ಮೂವತ್ತು ವರ್ಷ ನಾನು ಈ ಕೆಲಸ ಕಲಿತದ್ದು ಹೀಗೆ ನಿಂತ ದೋಣಿಯಲ್ಲಿ, ಕಬಿನಿಯ ಕಾಡಿನಲ್ಲಿ ನಿಂತ ಜೀಪಿನಲ್ಲಿ.

2018ರ ಜೂನ್‌ನಲ್ಲಿ ಸಿಯಾಟಲ್‌ನ ಮಗಳ ಮನೆಗೆ ಹೋಗಿದ್ದಾಗ ಅವಳೂ ಅಳಿಯನೂ ನಮ್ಮಿಬ್ಬರಿಗೆ ಅಲಾಸ್ಕಾದ ಏಳು ದಿನದ ಕ್ರೂಸ್ ಗೊತ್ತುಮಾಡಿದ್ದರು. ಸಿಯಾಟಲ್‌ನಿಂದ ಹೊರಟು ಜೂನೋ, ಸ್ಕ್ಯಾಗ್ವೇ, ಗ್ಲೇಷಿಯರ್ ಬೇ, ಕೆಚಿಕನ್, ಕೆನಡಾದ ವಿಕ್ಟೋರಿಯಾ, ಮತ್ತೆ ಸಿಯಾಟಲ್. ಮಕ್ಕಳನ್ನು ನೋಡಲು ಅಮೆರಿಕದ ಪಶ್ಚಿಮ ಕರಾವಳಿಗೆ ಹೋಗುವ ನಮ್ಮ ಕಡೆಯ ಅಪ್ಪ ಅಮ್ಮಂದಿರು ಈಗ ಹತ್ತುವ ಹಡಗುಗಳಲ್ಲಿ ಇದೂ ಒಂದು. ನಾನು ಕಬಿನಿಗೆ ಒಯ್ಯುವ ಚೀಲವನ್ನೇ ಒಯ್ದಿದ್ದೆ. ನಿಕಾನ್ ಡಿ750, ಅದಕ್ಕೊಂದು 200-500 ಲೆನ್ಸ್, ಜೊತೆಗೆ 24-120. ಆ ದೊಡ್ಡ ಲೆನ್ಸ್ ಒಂದೇ 2.3 ಕಿಲೊ ತೂಗುತ್ತದೆ. ಚೀಲ, ಚಾರ್ಜರು, ಟ್ರೈಪಾಡು ಎಲ್ಲ ಸೇರಿದಾಗ ವಿಮಾನದ ಕೈಚೀಲಕ್ಕೆ ಬಿಡುವ 7 ಕಿಲೊ ಮುಗಿದೇಹೋಗಿತ್ತು. ಔಷಧಿ ಡಬ್ಬಿ ನನ್ನಾಕೆಯ ಚೀಲಕ್ಕೆ ಹೋಯಿತು.

ಎರಡನೆಯ ದಿನ ಬೆಳಿಗ್ಗೆ ತಿಂಡಿಗೆ ಕೂತಿದ್ದೆವು. ಕಿಟಕಿಯ ಪಕ್ಕದ ಮೇಜು. "ರೀ, ಅಲ್ಲಿ ನೋಡಿ, ನೀರು ಚಿಮ್ತಿದೆ" ಅಂದಳು ನನ್ನಾಕೆ. ತಿಮಿಂಗಿಲದ ಉಸಿರು ಅದು, ಒಂದಲ್ಲ, ಮೂರು ಕಡೆ. ಕ್ಯಾಮೆರಾ ಇದ್ದದ್ದು ಆರು ಮಹಡಿ ಕೆಳಗೆ, ಹಡಗಿನ ಇನ್ನೊಂದು ತುದಿಯ ಕ್ಯಾಬಿನ್‌ನಲ್ಲಿ. ಮೂರು ಕಿಲೊ ಮೀರಿದ ಲೋಹವನ್ನು ಕುತ್ತಿಗೆಗೆ ಹಾಕಿಕೊಂಡು ಯಾರು ತಿಂಡಿಗೆ ಹೋಗುತ್ತಾರೆ? ಲಿಫ್ಟಿಗೆ ಕಾದು, ಉದ್ದದ ಕಾರಿಡಾರ್ ದಾಟಿ, ಲೆನ್ಸ್ ಜೋಡಿಸಿಕೊಂಡು ಮೇಲೆ ಬರುವ ಹೊತ್ತಿಗೆ ಹತ್ತು ನಿಮಿಷ ಕಳೆದಿತ್ತು. ಹಡಗು 20 ನಾಟ್ ವೇಗದಲ್ಲಿ, ಅಂದರೆ ಗಂಟೆಗೆ ಸುಮಾರು 37 ಕಿಲೊಮೀಟರ್ ವೇಗದಲ್ಲಿ ಹೋಗುತ್ತಿದ್ದರೆ ಹತ್ತು ನಿಮಿಷಕ್ಕೆ ಆರು ಕಿಲೊಮೀಟರ್ ದಾಟಿರುತ್ತದೆ. ನಾನು ಡೆಕ್ಕಿಗೆ ಬಂದಾಗ ಇದ್ದದ್ದು ಬೇರೆಯದೇ ಸಮುದ್ರ.

ಆ ವಾರ ಇಂಥದು ನಾಲ್ಕು ಸಲ ಆಯಿತು. ಅಲ್ಲಿಂದ ಮರಳಿದ ಮೇಲೆ ಕ್ಯಾಮೆರಾ ಕೊಳ್ಳುವ ಪ್ರಶ್ನೆಯನ್ನೇ ನಾನು ಬೇರೆ ರೀತಿ ಕೇಳಿಕೊಳ್ಳತೊಡಗಿದೆ. ಕಾಡಿನಲ್ಲಿ ಜಾಗ, ಹೊತ್ತು, ಬೆಳಕು ಒಂದು ಮಟ್ಟಿಗೆ ನಮ್ಮ ಆಯ್ಕೆ. ಈ ದಿನ ಸಿಗದಿದ್ದರೆ ಮುಂದಿನ ಭಾನುವಾರ ಇದೆ. ಹಡಗಿನಲ್ಲಿ ಇವು ಯಾವುವೂ ನಮ್ಮವಲ್ಲ. ದಾರಿ ಕಪ್ತಾನನದು, ವೇಳಾಪಟ್ಟಿ ಬಂದರಿನದು, ಮೋಡ ಸಮುದ್ರದ್ದು. ನಮ್ಮ ಕೈಲಿರುವುದು ಒಂದೇ, ಆ ಕ್ಷಣದಲ್ಲಿ ಕುತ್ತಿಗೆಯಲ್ಲಿ ಕ್ಯಾಮೆರಾ ಇದೆಯೋ ಇಲ್ಲವೋ ಎನ್ನುವುದು. ಹಾಗಾಗಿ ಯಾವುದು ಅತ್ಯುತ್ತಮ ಚಿತ್ರ ಕೊಡುತ್ತದೆ ಎಂದು ಕೇಳುವ ಮೊದಲು, ಊಟಕ್ಕೆ ಹೋಗುವಾಗಲೂ ಯಾವುದು ನನ್ನ ಮೈಮೇಲೆ ಇರುತ್ತದೆ ಎಂದು ಕೇಳಬೇಕು.

ಕಳೆದ ಜೂನ್‌ನಲ್ಲಿ ಅದೇ ದಾರಿಯಲ್ಲಿ ಮತ್ತೊಮ್ಮೆ ಹೋದಾಗ ನನ್ನ ಬಳಿ ಇದ್ದದ್ದು ನಿಕಾನ್ ಝಡ್50. 2019ರಲ್ಲಿ ಬಂದ ಮಿರರ್‌ಲೆಸ್ ಕ್ಯಾಮೆರಾ. ಬ್ಯಾಟರಿ, ಕಾರ್ಡ್ ಸೇರಿ 450 ಗ್ರಾಂ. ಅದರ ಜೊತೆ ಬರುವ 16-50 ಲೆನ್ಸ್ 135 ಗ್ರಾಂ, 50-250 ಲೆನ್ಸ್ 405 ಗ್ರಾಂ. ಮೂರೂ ಸೇರಿ 990 ಗ್ರಾಂ. ಒಂದು ಕಿಲೊ ತೊಗರಿಬೇಳೆ ಪೊಟ್ಟಣಕ್ಕಿಂತ ಕಡಿಮೆ. ಸೆನ್ಸರ್ ಫುಲ್‌ಫ್ರೇಮ್‌ಗಿಂತ ಚಿಕ್ಕದಾದ್ದರಿಂದ 250 ಎನ್ನುವುದು ಫುಲ್‌ಫ್ರೇಮ್ ಲೆಕ್ಕದಲ್ಲಿ 375 ಆಗುತ್ತದೆ. 500ರಿಂದ 375ಕ್ಕೆ ಇಳಿದೆ ಎಂಬುದು ನಷ್ಟವೇ, ಸುಳ್ಳು ಹೇಳಲಾರೆ. ಆದರೆ ಆ ನಷ್ಟ ಎಷ್ಟೆಂದು ಕಾಗದದ ಮೇಲೆ ಲೆಕ್ಕ ಹಾಕಿ ನೋಡಿದೆ, ನೀವೂ ಹಾಕಿ ನೋಡಬೇಕು.

ಲೆಕ್ಕ ಸರಳ. ಫುಲ್‌ಫ್ರೇಮ್ ಸೆನ್ಸರಿನ ಅಗಲ 36 ಮಿಲಿಮೀಟರ್. ಅದನ್ನು ಲೆನ್ಸಿನ ಮಿಲಿಮೀಟರಿನಿಂದ ಭಾಗಿಸಿ, ಎದುರಿನ ವಸ್ತು ಎಷ್ಟು ದೂರದಲ್ಲಿದೆಯೋ ಅದರಿಂದ ಗುಣಿಸಿದರೆ ಚೌಕಟ್ಟಿನೊಳಗೆ ಎಷ್ಟು ಅಗಲ ಬರುತ್ತದೆಂದು ತಿಳಿಯುತ್ತದೆ. ಅಲಾಸ್ಕಾದಲ್ಲಿ ಹಂಪ್‌ಬ್ಯಾಕ್ ತಿಮಿಂಗಿಲದ ಹತ್ತಿರ 100 ಗಜಕ್ಕಿಂತ ಒಳಗೆ ಯಾವ ದೋಣಿಯೂ ಹೋಗುವಂತಿಲ್ಲ, ಅದು ಕಾನೂನು. ನೂರು ಮೀಟರ್ ಎಂದಿಟ್ಟುಕೊಳ್ಳಿ. 375ರ ಲೆನ್ಸಿನಲ್ಲಿ ಚೌಕಟ್ಟಿನ ಅಗಲ 9.6 ಮೀಟರ್. ತಿಮಿಂಗಿಲದ ಬಾಲ ನಾಲ್ಕೂವರೆ ಮೀಟರಿನಷ್ಟಿದ್ದರೆ ಅರ್ಧ ಚೌಕಟ್ಟು ತುಂಬಿತು. 500ರ ಲೆನ್ಸಿನಲ್ಲಿ ಅಗಲ 7.2 ಮೀಟರ್, ಬಾಲ ಇನ್ನಷ್ಟು ದೊಡ್ಡದು. ಆದರೆ ಅರ್ಧ ಚೌಕಟ್ಟು ತುಂಬಿದ ಬಾಲವನ್ನು ಮನೆಗೆ ಬಂದು ಸುತ್ತ ಕತ್ತರಿಸಿಕೊಂಡರೆ ಗೋಡೆಗೆ ಹಾಕುವ ಚಿತ್ರವೇ ಆಗುತ್ತದೆ. ಅದೇ ಮೊಬೈಲಿನ 24ರ ಲೆನ್ಸಿನಲ್ಲಿ ಚೌಕಟ್ಟಿನ ಅಗಲ 150 ಮೀಟರ್. ಬಾಲಕ್ಕೆ ಸಿಗುವುದು ಅದರಲ್ಲಿ ನೂರಕ್ಕೆ ಮೂರು ಪಾಲು. ಪಕ್ಕದಲ್ಲಿ ನಿಂತು ಮೊಬೈಲಿನಲ್ಲಿ ತೆಗೆದವರೆಲ್ಲ ಆಮೇಲೆ ಬೆರಳಿನಿಂದ ಹಿಗ್ಗಿಸಿ "ಇದೋ ಇಲ್ಲಿ, ಈ ಕಪ್ಪು ಚುಕ್ಕೆ" ಎಂದು ತೋರಿಸುತ್ತಿದ್ದರು. ಅವರ ಕಣ್ಣು ನೋಡಿದ್ದು ಎಷ್ಟು ದೊಡ್ಡದು, ಕೈಗೆ ಸಿಕ್ಕಿದ್ದು ಎಷ್ಟು ಚಿಕ್ಕದು ಎಂದು ನನಗೆ ಸಂಕಟವಾಗುತ್ತಿತ್ತು.

ಹಾಗೆಂದು ಮೊಬೈಲು ಬೇಡವೆಂದಲ್ಲ. ಅಗಲದ ನೋಟ, ಊಟದ ಮೇಜು, ಡೆಕ್ಕಿನ ಮೇಲೆ ಕಂಬಳಿ ಹೊದ್ದು ಕೂತ ಹೆಂಡತಿ, ಇವಕ್ಕೆಲ್ಲ ಈಗಿನ ಒಳ್ಳೆಯ ಮೊಬೈಲು ಧಾರಾಳವಾಗಿ ಸಾಕು. ನಾನು ಎರಡನೆಯ ಸಲ ಮಾಡಿದ್ದು ಇಷ್ಟೇ: ಕ್ಯಾಮೆರಾಕ್ಕೆ 50-250 ಸದಾ ಜೋಡಿಸಿಯೇ ಇಟ್ಟೆ, ಅಗಲದ ಚಿತ್ರಕ್ಕೆ ಜೇಬಿನ ಮೊಬೈಲು. ಡೆಕ್ಕಿನ ಮೇಲೆ ಲೆನ್ಸ್ ಬದಲಿಸುವ ಪ್ರಮೇಯವೇ ಬರಲಿಲ್ಲ. ಉಪ್ಪುಗಾಳಿಯಲ್ಲಿ ಸೆನ್ಸರನ್ನು ತೆರೆದಿಡುವುದು ಯಾವ ದೃಷ್ಟಿಯಿಂದಲೂ ಒಳ್ಳೆಯದಲ್ಲ.

ಲೆನ್ಸ್ ಬದಲಿಸುವ ಗೊಡವೆಯೇ ಬೇಡ ಎನ್ನುವವರಿಗೆ ಸೋನಿಯ ಆರ್‌ಎಕ್ಸ್10 ನಾಲ್ಕನೆಯ ಮಾದರಿ ಇದೆ. ಒಂದಿಂಚಿನ ಸೆನ್ಸರ್, 24ರಿಂದ 600ರವರೆಗೆ ಒಂದೇ ಲೆನ್ಸ್, ತೂಕ ಸುಮಾರು 1.1 ಕಿಲೊ. 2017ರದ್ದಾದರೂ ಹಡಗಿನ ಪ್ರಯಾಣಕ್ಕೆಂದೇ ಮಾಡಿದಂತಿದೆ ಅದು. ಜೇಬಿಗೆ ಹೋಗುವಂಥದು ಬೇಕೆಂದರೆ ಅದೇ ಕಂಪನಿಯ ಆರ್‌ಎಕ್ಸ್100ರ ಏಳನೆಯ ಮಾದರಿ, 302 ಗ್ರಾಂ, 24ರಿಂದ 200. ತಿಮಿಂಗಿಲಕ್ಕೆ ಕಡಿಮೆಯಾಯಿತು, ಉಳಿದದ್ದಕ್ಕೆಲ್ಲ ಸಾಕು. 3000 ಮಿಲಿಮೀಟರಿನವರೆಗೆ ಹೋಗುವ ನಿಕಾನ್ ಪಿ1000 ಅನೇಕರ ಕಣ್ಣು ಕುಕ್ಕುತ್ತದೆ. ಅದರ ಸೆನ್ಸರ್ ಕಿರುಬೆರಳ ಉಗುರಿನಷ್ಟು. ಅಲಾಸ್ಕಾದ ಮೋಡದ ಬೆಳಕಿನಲ್ಲಿ, ಅಲುಗುವ ಹಡಗಿನ ಮೇಲೆ ಅಷ್ಟು ದೂರಕ್ಕೆ ಜೂಮ್ ಮಾಡಿದರೆ ಚೌಕಟ್ಟಿನಲ್ಲಿ ಪ್ರಾಣಿ ನಿಲ್ಲುವುದೇ ಇಲ್ಲ. ನೆಲದ ಮೇಲೆ ಟ್ರೈಪಾಡಿನಲ್ಲಿ ಚಂದ್ರನನ್ನು ತೆಗೆಯಲು ಅದು ಚೆನ್ನ. ಹಡಗಿಗೆ ನಾನು ಹೇಳಲಾರೆ. ಹೊಸದನ್ನು ಕೊಳ್ಳಲೇಬೇಕೆಂದೂ ಇಲ್ಲ. ಬೆಂಗಳೂರಿನಲ್ಲಿ ಲೆನ್ಸು, ಕ್ಯಾಮೆರಾ ದಿನದ ಲೆಕ್ಕದಲ್ಲಿ ಬಾಡಿಗೆಗೆ ಸಿಗುತ್ತವೆ. ಹತ್ತು ದಿನದ ಆಸೆಗೆ ಲಕ್ಷ ರೂಪಾಯಿ ಸುರಿಯುವ ಮೊದಲು ಒಂದು ಶನಿವಾರ ಬಾಡಿಗೆಗೆ ತಂದು ಲಾಲ್‌ಬಾಗಿನ ಕೆರೆ ಸುತ್ತಿ ನೋಡಿ. ಕೈಗೆ ಒಗ್ಗದ ಕ್ಯಾಮೆರಾ ಸಮುದ್ರದ ಮೇಲೆ ಒಗ್ಗುವುದಿಲ್ಲ.

ಬಾಡಿಗೆಯದೇ ಇರಲಿ ಸ್ವಂತದ್ದೇ ಇರಲಿ, ದುಬಾರಿ ಕ್ಯಾಮೆರಾ ಒಯ್ಯುವವರು ಹೊರಡುವ ದಿನ ವಿಮಾನ ನಿಲ್ದಾಣದ ಕಸ್ಟಮ್ಸ್ ಕೌಂಟರಿನಲ್ಲಿ ಅದನ್ನು ತೋರಿಸಿ, ಸೀರಿಯಲ್ ನಂಬರ್ ಬರೆಸಿಕೊಂಡು ಎಕ್ಸ್‌ಪೋರ್ಟ್ ಸರ್ಟಿಫಿಕೇಟ್ ಪಡೆಯಬಹುದು. ಮರಳುವಾಗ ಇದು ಅಲ್ಲಿ ಕೊಂಡದ್ದಲ್ಲ ಎನ್ನಲು ಅದೇ ಆಧಾರ. ಹೆಚ್ಚುವರಿ ಬ್ಯಾಟರಿಗಳು ಕೈಚೀಲದಲ್ಲೇ ಇರಬೇಕು, ಲಗೇಜಿಗೆ ಹಾಕುವಂತಿಲ್ಲ.

ಇನ್ನು ಹಡಗು ಎಂಬ ಜಾಗದ ಸ್ವಭಾವ. ನೆಲದ ಮೇಲೆ ನಾವು ಕಲಿತ ಒಳ್ಳೆಯ ಅಭ್ಯಾಸಗಳಲ್ಲಿ ಕೆಲವು ಅಲ್ಲಿ ತಿರುಗುಬಾಣವಾಗುತ್ತವೆ. ಕೈ ಅಲುಗದಿರಲೆಂದು ಮೊಣಕೈಯನ್ನು ಗೋಡೆಗೋ ಕಂಬಿಗೋ ಊರುವುದು ನಮಗೆ ರೂಢಿ. ಹಡಗಿನ ಕಟಕಟೆಯ ಮೇಲೆ ಬರಿಗೈ ಇಟ್ಟು ನೋಡಿ. ಎಂಜಿನ್ನಿನ ನಡುಕ ಸಣ್ಣಗೆ ಜುಮುಗುಟ್ಟುತ್ತಾ ಬೆರಳಿಗೆ ಬರುತ್ತದೆ. ಲೆನ್ಸನ್ನು ಅದರ ಮೇಲಿಟ್ಟರೆ ಆ ನಡುಕವೆಲ್ಲ ಚಿತ್ರಕ್ಕೆ ಇಳಿಯಿತು. ಟ್ರೈಪಾಡಿನ ಕತೆಯೂ ಅಷ್ಟೇ, ಅದರ ಮೂರು ಕಾಲೂ ಡೆಕ್ಕಿನ ನಡುಕವನ್ನು ಹೀರಿಕೊಂಡು ಕ್ಯಾಮೆರಾಕ್ಕೆ ದಾಟಿಸುತ್ತವೆ. ಮೊದಲ ಪ್ರಯಾಣದಲ್ಲಿ ನನ್ನ ಟ್ರೈಪಾಡಿನ ಚಿತ್ರಗಳೇ ಎಲ್ಲಕ್ಕಿಂತ ಮಸುಕಾಗಿದ್ದವು. ಡೆಕ್ಕಿನಲ್ಲಿ ಅತ್ಯಂತ ಒಳ್ಳೆಯ ಸ್ಟ್ಯಾಂಡ್ ನಮ್ಮ ಎರಡು ಕಾಲು. ಮಂಡಿ ಸ್ವಲ್ಪ ಬಾಗಿರಬೇಕು, ಮೊಣಕೈ ಪಕ್ಕೆಗೆ ಒತ್ತಿರಬೇಕು, ಕಟಕಟೆಯಿಂದ ಒಂದು ಗೇಣು ಹಿಂದೆ ನಿಂತಿರಬೇಕು. ಓಡುವ ಬಸ್ಸಿನಲ್ಲಿ ಕಂಬಿ ಹಿಡಿಯದೆ ನಿಂತು ಟಿಕೆಟ್ ಹರಿಯುವ ಕಂಡಕ್ಟರನ್ನು ನೆನಪಿಸಿಕೊಳ್ಳಿ. ಶಟರ್ ವೇಗವನ್ನು ದಡದ ನೋಟಕ್ಕೆ 1/500 ಸೆಕೆಂಡಿಗಿಂತ ಕೆಳಗೆ ಇಳಿಸಬೇಡಿ. ಲೆನ್ಸಿನ ಸ್ಥಿರಕಾರಿ ವ್ಯವಸ್ಥೆ ನಮ್ಮ ಕೈನಡುಕವನ್ನು ಸರಿಪಡಿಸುತ್ತದೆಯೇ ಹೊರತು ಹಡಗು ಮುಂದೆ ಸಾಗುವುದನ್ನಲ್ಲ, ತಿಮಿಂಗಿಲ ಜಿಗಿಯುವುದನ್ನೂ ಅಲ್ಲ.

ಶಾಖದ ತೊಂದರೆ ಇನ್ನೂ ಸೂಕ್ಷ್ಮ. ಹೊಗೆಕೊಳವೆಯ ಹಿಂದಿನ ಡೆಕ್ಕಿನಲ್ಲಿ ನಿಂತರೆ ಬಿಸಿಗಾಳಿಯ ಅಲೆ ಲೆನ್ಸಿನ ಮುಂದೆ ಹಾದು ದೂರದ ಬೆಟ್ಟವೆಲ್ಲ ನೀರಿನೊಳಗೆ ಇದ್ದಂತೆ ಕಾಣುತ್ತದೆ. ಬಾಲ್ಕನಿ ಇರುವ ಕ್ಯಾಬಿನ್ನಿನವರು ಬಾಗಿಲು ತೆರೆದಿಟ್ಟುಕೊಂಡು ಒಳಗಿನಿಂದ ತೆಗೆದರೂ ಇದೇ ಗತಿ. ಕೋಣೆಯ ಬೆಚ್ಚಗಿನ ಗಾಳಿ ಹೊರಗಿನ ಚಳಿಗೆ ಹರಿಯುತ್ತಿರುತ್ತದೆ. ಫೋಕಸ್ ಸರಿಯಿಲ್ಲವೆಂದು ಲೆನ್ಸನ್ನು ಬೈಯುವ ಮೊದಲು ಹೊರಗೆ ಬಂದು, ಬಾಗಿಲು ಮುಚ್ಚಿ, ಇನ್ನೊಂದು ತೆಗೆದು ನೋಡಿ.

ಮಂಜು ಹಿಡಿಯುವುದು ಕರಾವಳಿಯವರಿಗೆ ಗೊತ್ತಿರುವ ಸಂಗತಿ. ಮಂಗಳೂರಿನಲ್ಲಿ ಎ.ಸಿ. ಕೋಣೆಯಿಂದ ಹೊರಗೆ ಬಂದ ಕನ್ನಡಕದ ಮೇಲೆ ಕೂಡಲೇ ಬೆವರು ಕೂರುತ್ತದಲ್ಲ, ಹಾಗೆ. ಅಲಾಸ್ಕಾದಲ್ಲಿ ಅದು ತಿರುವುಮುರುವು. ಡೆಕ್ಕಿನ ಚಳಿಯಲ್ಲಿ ತಣ್ಣಗಾದ ಕ್ಯಾಮೆರಾವನ್ನು ಬೆಚ್ಚಗಿನ ಊಟದ ಹಾಲಿಗೆ ತಂದರೆ ಗಾಜಿನ ಮೇಲೆ, ಕೆಲವೊಮ್ಮೆ ಒಳಗೂ, ಹನಿ ಕೂರುತ್ತದೆ. ಒಳಗೆ ಬರುವ ಮೊದಲು ಜಿಪ್ ಇರುವ ಪ್ಲಾಸ್ಟಿಕ್ ಚೀಲಕ್ಕೆ ಹಾಕಿ ಮುಚ್ಚಿಬಿಡಿ. ತೇವ ಚೀಲದ ಹೊರಮೈಗೆ ಕೂರುತ್ತದೆ, ಕ್ಯಾಮೆರಾ ನಿಧಾನವಾಗಿ ಕೋಣೆಯ ಉಷ್ಣತೆಗೆ ಬರುತ್ತದೆ. ಲಕ್ಷದ್ವೀಪಕ್ಕೋ ಗೋವಾಕ್ಕೋ ಹಡಗಿನಲ್ಲಿ ಹೋಗುವವರು ಇದನ್ನೇ ಮಗುಚಿ ಓದಿಕೊಳ್ಳಬೇಕು. ಅಲ್ಲಿ ತಣ್ಣಗಿನ ಕ್ಯಾಬಿನ್ನಿನಿಂದ ಹೊರಗೆ ತರುವಾಗ ಚೀಲ ಬೇಕು, ಬೆಳಗಿನ ಬೆಳಕಿಗೆ ಅರ್ಧ ಗಂಟೆ ಮೊದಲೇ ಹೊರಗೆ ಇಟ್ಟಿರಬೇಕು.

ಕೆಚಿಕನ್ ಊರಿನಲ್ಲಿ ವರ್ಷಕ್ಕೆ ಸುಮಾರು 3,800 ಮಿಲಿಮೀಟರ್ ಮಳೆ. ನಮ್ಮ ಆಗುಂಬೆಗೆ ಅದರ ಹೆಚ್ಚುಕಡಿಮೆ ಎರಡರಷ್ಟು ಬೀಳುತ್ತದಾದರೂ ಆಗುಂಬೆಯ ಮಳೆ ಕೆಲವು ತಿಂಗಳಲ್ಲಿ ಸುರಿದು ಮುಗಿಯುತ್ತದೆ. ಕೆಚಿಕನ್ನಿನದು ವರ್ಷವಿಡೀ ಜಿನುಗುವ ಜಾತಿ. ಕ್ಯಾಮೆರಾಕ್ಕೆ ನಾನು ಹೊದಿಸಿದ್ದು ಸ್ನಾನದ ಮನೆಯಲ್ಲಿ ತಲೆಗೆ ಹಾಕಿಕೊಳ್ಳುವ ಪ್ಲಾಸ್ಟಿಕ್ ಟೋಪಿ. ಲೆನ್ಸಿನ ಮುಂದಿನ ಹುಡ್ ಮಾತ್ರ ಹೊರಗೆ. ಕ್ಯಾಮೆರಾದ ಮೈ ಒರೆಸಲು ಮನೆಯಿಂದ ಒಗೆದು ಒಗೆದು ಮೆತ್ತಗಾದ ಹಳೆಯ ಪಂಚೆಯ ನಾಲ್ಕು ತುಂಡು ಒಯ್ದಿದ್ದೆ. ನೀರು ಹೀರುವುದರಲ್ಲಿ ಅದನ್ನು ಮೀರಿಸಿದ ಬಟ್ಟೆಯನ್ನು ನಾನು ಕಂಡಿಲ್ಲ. ಗಾಜಿಗೆ ಮಾತ್ರ ಬೇರೆ ಮೈಕ್ರೋಫೈಬರ್ ಬಟ್ಟೆ. ದಿನದ ಕೊನೆಗೆ ಒಂದು ತುಂಡನ್ನು ಸಿಹಿನೀರಿನಲ್ಲಿ ಅದ್ದಿ, ಚೆನ್ನಾಗಿ ಹಿಂಡಿ, ಕ್ಯಾಮೆರಾದ ಮೈಯನ್ನೆಲ್ಲ ಒರೆಸಿ, ಒಣ ತುಂಡಿನಿಂದ ಮತ್ತೊಮ್ಮೆ ಒರೆಸುವುದು. ಉಪ್ಪು ಕಣ್ಣಿಗೆ ಕಾಣುವುದಿಲ್ಲ, ಗುಂಡಿಗಳ ಸಂದಿಯಲ್ಲಿ ಕೂತು ತಿಂಗಳ ನಂತರ ತಿನ್ನಲು ಶುರುಮಾಡುತ್ತದೆ.

ಸ್ಕ್ಯಾಗ್ವೇಯಿಂದ ಬೆಟ್ಟ ಹತ್ತುವ ಪುಟ್ಟ ರೈಲು ಸಕಲೇಶಪುರದ ಘಾಟಿ ನೋಡಿದವರಿಗೆ ಮನೆಯ ನೆನಪು ತರುತ್ತದೆ. ಹಿಂದಿನ ಬೋಗಿಯಲ್ಲಿ ಕೂತರೆ ತಿರುವಿನಲ್ಲಿ ಎಂಜಿನ್ ಕಾಣುತ್ತದೆ. ಅಲ್ಲಿ ಹೇಳಬೇಕಾದದ್ದು ಅಷ್ಟೇ. ಇಡೀ ವಾರದ ತಿರುಳು ಇರುವುದು ಗ್ಲೇಷಿಯರ್ ಬೇಯ ಒಂದು ದಿನದಲ್ಲಿ.

ಆ ಕೊಲ್ಲಿಗೆ ದಿನಕ್ಕೆ ಹೆಚ್ಚೆಂದರೆ ಎರಡೇ ಕ್ರೂಸ್ ಹಡಗುಗಳಿಗೆ ಪ್ರವೇಶ. ಅಲ್ಲಿನ ರಾಷ್ಟ್ರೀಯ ಉದ್ಯಾನದ ರೇಂಜರುಗಳು ದೋಣಿಯಲ್ಲಿ ಬಂದು ಚಲಿಸುವ ಹಡಗಿಗೇ ಹತ್ತಿಕೊಳ್ಳುತ್ತಾರೆ, ದಿನವಿಡೀ ಮೈಕಿನಲ್ಲಿ ವಿವರಿಸುತ್ತಾರೆ. ಡ್ರೋನ್ ಹಾರಿಸುವಂತಿಲ್ಲ. ಕೊಲ್ಲಿಯ ತುದಿಯಲ್ಲಿ ಮಾರ್ಜರಿ ಹಿಮನದಿ. ಮುಖದ ಅಗಲ ಸುಮಾರು ಒಂದು ಮೈಲಿ, ನೀರಿನ ಮೇಲೆ ಎತ್ತರ ಸುಮಾರು 250 ಅಡಿ. ಹಡಗು ಅದರೆದುರು ಹೆಚ್ಚುಕಡಿಮೆ ಒಂದು ಗಂಟೆ ನಿಂತು ತನ್ನನ್ನು ತಾನೇ ನಿಧಾನವಾಗಿ ತಿರುಗಿಸಿಕೊಳ್ಳುತ್ತದೆ, ಎರಡೂ ಬದಿಯವರಿಗೂ ಕಾಣಲೆಂದು. ಇದು ಗೊತ್ತಿಲ್ಲದ ಮೊದಲ ಸಲ ನಾನು ಬೆಳಗಿನ ಜಾವವೇ ಮುಂಭಾಗದ ಕಟಕಟೆಗೆ ಹೋಗಿ ಜಾಗ ಹಿಡಿದು, ತಿಂಡಿ ಬಿಟ್ಟು, ಚಳಿಯಲ್ಲಿ ನಡುಗುತ್ತಾ ನಿಂತಿದ್ದೆ. ಅಷ್ಟು ಕಷ್ಟ ಬೇಕಿರಲಿಲ್ಲ.

ಮತ್ತೆ ಅದೇ ಲೆಕ್ಕ ಇಲ್ಲಿ ಕೆಲಸಕ್ಕೆ ಬರುತ್ತದೆ. ಹಿಮನದಿಯ ಪೂರ್ತಿ ಮುಖ ಬೇಕೆಂದರೆ ಹತ್ತಿರ ಹೋಗುವವರೆಗೆ ಕಾಯಬಾರದು. ಒಂದು ಕಿಲೊಮೀಟರ್ ದೂರದಲ್ಲಿ 24ರ ಲೆನ್ಸಿಗೆ ಒಂದೂವರೆ ಕಿಲೊಮೀಟರ್ ಅಗಲ ಸಿಗುತ್ತದೆ, ಅಂದರೆ ಹೆಚ್ಚುಕಡಿಮೆ ಇಡೀ ಮುಖ. 400 ಮೀಟರ್ ಹತ್ತಿರ ಬಂದಾಗ ಅದೇ ಲೆನ್ಸಿಗೆ ಸಿಗುವುದು 600 ಮೀಟರ್. ಆಗ ಅಗಲದ ಆಸೆ ಬಿಟ್ಟು ಗೋಡೆಯ ಒಂದು ತುಂಡನ್ನು ಆರಿಸಿಕೊಳ್ಳಬೇಕು. 200ರ ಲೆನ್ಸನ್ನು ಉದ್ದುದ್ದ ನಿಲ್ಲಿಸಿ ಹಿಡಿದರೆ ನೀರಿನ ಗೆರೆಯಿಂದ ತುದಿಯವರೆಗೆ ಸರಿಸುಮಾರು ಚೌಕಟ್ಟಿಗೆ ಬರುತ್ತದೆ. ಆದರೆ ಬರಿಯ ಹಿಮದ ಗೋಡೆ ಚಿತ್ರದಲ್ಲಿ ಎಷ್ಟು ಎತ್ತರವೆಂದು ಯಾರಿಗೂ ತಿಳಿಯುವುದಿಲ್ಲ. ಗೋಡೆಯ ಬುಡದಲ್ಲಿ ಹಾರುವ ಕಡಲಹಕ್ಕಿಗಳು, ತೇಲುವ ಹಿಮಗಡ್ಡೆಯ ಮೇಲೆ ಮಲಗಿದ ಒಂದು ಸೀಲ್, ಅಥವಾ ಕಟಕಟೆಯ ಬಳಿ ನಿಂತ ನಮ್ಮವರೇ ಒಬ್ಬರು, ಏನಾದರೊಂದು ಬೇಕು. ದೇವಸ್ಥಾನದ ಗೋಪುರದ ಚಿತ್ರದಲ್ಲಿ ಮೆಟ್ಟಿಲ ಮೇಲೆ ಒಬ್ಬ ಅಜ್ಜಿ ಕೂತಿದ್ದರೆ ಗೋಪುರ ಎತ್ತರವಾಗುತ್ತದಲ್ಲ.

ಕ್ಯಾಮೆರಾದ ಬೆಳಕಿನ ಮಾಪಕ ಜಗತ್ತೆಲ್ಲ ಸರಾಸರಿ ಬೂದುಬಣ್ಣ ಎಂದು ನಂಬಿರುವ ಯಂತ್ರ. ಚೌಕಟ್ಟು ತುಂಬ ಹಿಮವಿದ್ದರೆ ಅದನ್ನು ಬೂದಿಯ ಬಣ್ಣಕ್ಕೆ ಇಳಿಸಿಬಿಡುತ್ತದೆ. ಎಕ್ಸ್‌ಪೋಷರ್ ಕಾಂಪೆನ್ಸೇಷನ್ ಗುಂಡಿಯಿಂದ ಒಂದು ಸ್ಟಾಪಿನಷ್ಟು ಏರಿಸಿ, ಹಿಸ್ಟೋಗ್ರಾಮ್ ಬಲಗಡೆಯ ಗೋಡೆಗೆ ಬಡಿಯದಂತೆ ನೋಡಿಕೊಳ್ಳಿ. ವೈಟ್ ಬ್ಯಾಲೆನ್ಸ್ ಆಟೋದಲ್ಲಿದ್ದರೆ ಹಿಮದ ನೀಲಿಯನ್ನು ತಪ್ಪೆಂದು ತಿಳಿದು ಅಳಿಸಿಹಾಕುವುದುಂಟು. ಡೇಲೈಟ್‌ಗೆ ಇಟ್ಟುಬಿಡಿ. ಆ ನೀಲಿ ನಿಜವಾದದ್ದು. ಶತಮಾನಗಳ ಭಾರಕ್ಕೆ ಗಾಳಿಗುಳ್ಳೆ ಕಳೆದುಕೊಂಡು ಗಟ್ಟಿಯಾದ ಹಿಮ ಬೆಳಕಿನ ಕೆಂಪನ್ನು ನುಂಗಿ ನೀಲಿಯನ್ನು ಮಾತ್ರ ಹೊರಗೆ ಬಿಡುತ್ತದೆ. ಬಿಸಿಲಿಲ್ಲವೆಂದು ಬೇಸರ ಬೇಡ, ಮೋಡದ ದಿನವೇ ಆ ಬಣ್ಣ ಚೆನ್ನಾಗಿ ತೆರೆದುಕೊಳ್ಳುತ್ತದೆ.

ಹಿಮ ಕಳಚಿ ಬೀಳುವ ಸದ್ದಿಗೆ ಅಲ್ಲಿನ ಮೂಲನಿವಾಸಿಗಳಾದ ಟ್ಲಿಂಗಿಟ್ ಜನ ಬಿಳಿ ಗುಡುಗು ಎನ್ನುತ್ತಾರೆ. ಆ ಗುಡುಗು ಕೇಳಿದ ಮೇಲೆ ಕ್ಯಾಮೆರಾ ಎತ್ತಿದರೆ ಆಗಲೇ ತಡ. 400 ಮೀಟರ್ ದೂರದಿಂದ ಸದ್ದು ಬರಲು ಒಂದು ಸೆಕೆಂಡಿಗೂ ಹೆಚ್ಚು ಬೇಕು, ಅಷ್ಟರಲ್ಲಿ ಹಿಮ ಕಳಚಿ ಬೀಳತೊಡಗಿರುತ್ತದೆ. ಸಣ್ಣ ಸಣ್ಣ ಚೂರು ಉದುರುತ್ತಿರುವ ಜಾಗವನ್ನು ಹುಡುಕಿ, ಅಲ್ಲಿಗೆ ಲೆನ್ಸ್ ನೆಟ್ಟು, ಕಣ್ಣು ತೆಗೆಯದೆ ಕಾಯಬೇಕು. ರಂಗನತಿಟ್ಟಿನಲ್ಲಿ ಮಿಂಚುಳ್ಳಿಗೆ ಕಾದ ತಾಳ್ಮೆ ನನ್ನ ಕೈಹಿಡಿದದ್ದು ಇಲ್ಲಿ. ನಲವತ್ತು ನಿಮಿಷಕ್ಕೆ ಒಂದು ದೊಡ್ಡ ಕಂಬ ಬಿತ್ತು, ಹನ್ನೊಂದು ಚೌಕಟ್ಟುಗಳಲ್ಲಿ ಅದು ಬಾಗಿ, ಮುರಿದು, ನೀರಾಗುವುದು ಸಿಕ್ಕಿತು.

ಇದೇ ಕೊಲ್ಲಿಗೆ 1899ರಲ್ಲಿ ಸಿಯಾಟಲ್‌ನಿಂದಲೇ ಹೊರಟ ಒಂದು ಹಡಗು ಬಂದಿತ್ತು. ರೈಲ್ವೆ ಉದ್ಯಮಿ ಎಡ್ವರ್ಡ್ ಹ್ಯಾರಿಮನ್ ವಿಜ್ಞಾನಿಗಳನ್ನೂ ಕಲಾವಿದರನ್ನೂ ಕರೆದುಕೊಂಡು ಹೊರಟ ಪ್ರಯಾಣ ಅದು. ಫೋಟೊಗ್ರಾಫರ್ ಆಗಿ ಇದ್ದವರು ಸಿಯಾಟಲ್‌ನಲ್ಲಿ ಸ್ಟುಡಿಯೊ ನಡೆಸುತ್ತಿದ್ದ ಎಡ್ವರ್ಡ್ ಕರ್ಟಿಸ್. ಚಿತ್ರ ಮೂಡಬೇಕಾದದ್ದು ಗಾಜಿನ ಪ್ಲೇಟಿನ ಮೇಲೆ. ಮ್ಯೂರ್ ಹಿಮನದಿಯ ಮುಂದೆ ಕರ್ಟಿಸರೂ ಅವರ ಸಹಾಯಕರೂ ಪುಟ್ಟ ದೋಣಿಯಲ್ಲಿದ್ದಾಗ ದೊಡ್ಡದೊಂದು ಹಿಮದ ಭಾಗ ಕಳಚಿ ಬಿದ್ದು ಅಲೆ ಎದ್ದಿತು. ಓಡಿಹೋಗುವ ಬದಲು ದೋಣಿಯನ್ನು ಅಲೆಗೇ ಎದುರು ನಡೆಸಿ ಅವರು ಉಳಿದುಕೊಂಡರು. ಡೆಕ್ಕಿನಲ್ಲಿ ನಿಂತು ಗುಂಡಿ ಒತ್ತುವಾಗ ನನಗೆ ಆ ದೋಣಿ ನೆನಪಾಗುತ್ತಿತ್ತು.

ಅವರು ನೋಡಿದ ಮ್ಯೂರ್ ಹಿಮನದಿ ಈಗ ಅಲ್ಲಿಲ್ಲ. 1941ರ ಆಗಸ್ಟ್ 13ರಂದು ವಿಲಿಯಂ ಫೀಲ್ಡ್ ಎಂಬ ವಿಜ್ಞಾನಿ ಒಂದು ಜಾಗದಲ್ಲಿ ನಿಂತು ಅದರ ಚಿತ್ರ ತೆಗೆದಿದ್ದರು. ಕಣಿವೆಯ ತುಂಬ ಹಿಮ. 2004ರ ಆಗಸ್ಟ್ 31ರಂದು ಭೂವಿಜ್ಞಾನಿ ಬ್ರೂಸ್ ಮೋಲ್ನಿಯಾ ಅದೇ ಜಾಗ ಹುಡುಕಿ ಮತ್ತೆ ತೆಗೆದರು. ಹಿಮನದಿ ಚೌಕಟ್ಟಿನಿಂದಲೇ ಆಚೆ ಸರಿದಿತ್ತು, ಕಣಿವೆಯಲ್ಲಿ ನೀರು, ದಡದಲ್ಲಿ ಹಸಿರು. ಇಡೀ ಕೊಲ್ಲಿಯೇ ಹೀಗೆ ಹುಟ್ಟಿದ್ದು. 1794ರಲ್ಲಿ ಬ್ರಿಟಿಷ್ ನಾವಿಕ ಕ್ಯಾಪ್ಟನ್ ವ್ಯಾಂಕೂವರ್ ತಂಡದವರು ಬಂದಾಗ ಅದು ದಡದಲ್ಲಿ ಒಂದು ಸಣ್ಣ ತಗ್ಗು, ಹಿಂದೆ ಹಿಮದ ಗೋಡೆ. 1879ರಲ್ಲಿ ಪ್ರಕೃತಿತಜ್ಞ ಜಾನ್ ಮ್ಯೂರ್ ಬರುವಷ್ಟರಲ್ಲಿ ಗೋಡೆ 30 ಮೈಲಿಗೂ ಹೆಚ್ಚು ಹಿಂದೆ ಸರಿದಿತ್ತು. ಮೊದಲು ತಾನಾಗಿ ಸರಿದದ್ದು, ಈಚಿನ ದಶಕಗಳಲ್ಲಿ ನಮ್ಮ ಬಿಸಿಯೂ ಸೇರಿ ಕರಗುತ್ತಿರುವುದು.

ಆ ಎರಡು ಚಿತ್ರಗಳನ್ನು ಜೊತೆಯಲ್ಲಿಟ್ಟು ನೋಡಿದ ಮೇಲೆ ಕ್ಯಾಮೆರಾದ ಗಡಿಯಾರವನ್ನು ಸರಿಯಿಟ್ಟುಕೊಳ್ಳುವುದು ನನಗೆ ಸಣ್ಣ ಕೆಲಸವೆನ್ನಿಸುವುದಿಲ್ಲ. ಬೆಂಗಳೂರಿನ ಸಮಯದಲ್ಲೇ ಬಿಟ್ಟು ಹೋಗುವವರೇ ಹೆಚ್ಚು. ಅಲಾಸ್ಕಾ ಸಿಯಾಟಲ್‌ಗಿಂತ ಒಂದು ಗಂಟೆ ಹಿಂದೆ. ಗಡಿಯಾರ ತಿದ್ದಿಕೊಳ್ಳಿ, ಪ್ರತಿ ಜಾಗದಲ್ಲೂ ಲೊಕೇಶನ್ ಚಾಲೂ ಇರುವ ಮೊಬೈಲಿನಿಂದ ಒಂದು ಚಿತ್ರ ತೆಗೆದಿಡಿ. ಎಲ್ಲಿ, ಯಾವಾಗ ಎಂಬುದು ಆ ಚಿತ್ರದಲ್ಲೇ ಉಳಿಯುತ್ತದೆ. ತಿಮಿಂಗಿಲದ ಬಾಲಕ್ಕೂ ಇದೇ ಮಾತು. ಹಂಪ್‌ಬ್ಯಾಕ್ ಆಳಕ್ಕೆ ಮುಳುಗುವ ಮುನ್ನ ಬಾಲವನ್ನು ಎತ್ತಿ ತೋರಿಸುತ್ತದೆ. ಬೆನ್ನು ಗೂನಾಗಿ ಬಾಗಿತೆಂದರೆ ಇನ್ನೆರಡು ಸೆಕೆಂಡಿಗೆ ಬಾಲ ಬರುತ್ತದೆ. ಶಟರ್ 1/1000ಕ್ಕಿಂತ ಮೇಲೆ, ಫೋಕಸ್ ಕಂಟಿನ್ಯುಯಸ್‌ನಲ್ಲಿ, ಜೂಮ್ ತುಸು ಹಿಂದಕ್ಕೆ. ಬಾಲದ ಅಡಿಯ ಕಪ್ಪು ಬಿಳುಪು ಮಚ್ಚೆ ಒಂದರಂತೆ ಇನ್ನೊಂದಕ್ಕಿರುವುದಿಲ್ಲ, ನಮ್ಮ ಬೆರಳಚ್ಚಿನಂತೆ. ಹ್ಯಾಪಿವೇಲ್ ಎಂಬ ಯೋಜನೆಗೆ ಆ ಚಿತ್ರವನ್ನು ದಿನಾಂಕ, ಜಾಗದೊಡನೆ ಕಳಿಸಿದರೆ ಅದು ಯಾವ ತಿಮಿಂಗಿಲವೆಂದು ಹೋಲಿಸಿ ನೋಡುತ್ತಾರೆ. ಪ್ರವಾಸಿಯೊಬ್ಬ ರಜೆಯಲ್ಲಿ ತೆಗೆದ ಚಿತ್ರ ಪ್ರಾಣಿಯೊಂದರ ಜೀವನಚರಿತ್ರೆಗೆ ಒಂದು ಸಾಲು ಸೇರಿಸಬಹುದು ಎಂಬುದು ನನಗೆ ತುಂಬ ದೊಡ್ಡ ಸಂಗತಿಯಾಗಿ ಕಾಣುತ್ತದೆ.

ಕಾರ್ಡುಗಳ ವಿಷಯ ಚುಟುಕಾಗಿ. ದೊಡ್ಡದೊಂದರ ಬದಲು 64 ಜಿಬಿಯ ಎರಡು ಮೂರು ಇರಲಿ. ರಾತ್ರಿ ಒಂದು ಪುಟ್ಟ ಎಸ್‌ಎಸ್‌ಡಿಗೆ ನಕಲು ಮಾಡಿ, ಕಾರ್ಡುಗಳನ್ನು ಊರಿಗೆ ಬರುವವರೆಗೆ ಅಳಿಸಬೇಡಿ. ಹಡಗಿನ ವೈಫೈ ನಂಬಿ ಕ್ಲೌಡಿಗೆ ಏರಿಸುವ ಯೋಚನೆ ಬೇಡ.

ಕೊನೆಯ ಸಂಜೆ ವಿಕ್ಟೋರಿಯಾ. ಬಂದರಿನೆದುರು ಶಾಸನಸಭೆಯ ಕಟ್ಟಡಕ್ಕೆ ಕತ್ತಲಾದೊಡನೆ ಸಾವಿರಾರು ಬಲ್ಬು ಹತ್ತಿಕೊಳ್ಳುತ್ತವೆ, ನಮ್ಮ ಮೈಸೂರು ಅರಮನೆಯ ಹಾಗೆ, ಅಂಚಂಚಿಗೂ ಬೆಳಕಿನ ಗೆರೆ. ಒಂದು ವಾರದಲ್ಲಿ ಮೊದಲ ಬಾರಿಗೆ ನಿಜವಾದ ಕತ್ತಲು ಕಂಡದ್ದು ಅಲ್ಲೇ. ಜೂನ್‌ನಲ್ಲಿ ಜೂನೋದ ಹಗಲು 18 ಗಂಟೆ ಮೀರುತ್ತದೆ. ಟ್ರೈಪಾಡ್ ಈ ಸಲ ಮಗಳ ಮನೆಯಲ್ಲೇ ಉಳಿದಿತ್ತು. ನೆಲ ಗಟ್ಟಿಯಾಗಿತ್ತು, ಕಲ್ಲಿನ ಕಟ್ಟೆಯ ಮೇಲೆ ಪಂಚೆಯ ತುಂಡನ್ನು ಮಡಿಸಿಟ್ಟು ಅದರ ಮೇಲೆ ಕ್ಯಾಮೆರಾ ಕೂರಿಸಿ, ಎರಡು ಸೆಕೆಂಡಿನ ಟೈಮರ್ ಹಾಕಿ ತೆಗೆದೆ.

ನಮ್ಮ ಪಕ್ಕದ ಮನೆಯ ನಿವೃತ್ತ ಬ್ಯಾಂಕ್ ಅಧಿಕಾರಿ ದಂಪತಿ ಬರುವ ಮೇ ತಿಂಗಳಿಗೆ ಇದೇ ಹಡಗು ಹತ್ತುತ್ತಿದ್ದಾರೆ. "ಸಾರ್, ಹೊಸ ಕ್ಯಾಮೆರಾ ತಗೊಳ್ಳೇಬೇಕಾ?" ಎಂದು ಕೇಳಲು ಬಂದವರಿಗೆ ನನ್ನದನ್ನೇ ಕೊಟ್ಟು ಹದಿನೈದು ದಿನ ಕುತ್ತಿಗೆಗೆ ಹಾಕಿಕೊಂಡು ಬೆಳಗಿನ ವಾಕಿಂಗ್ ಮಾಡಿ ಎಂದಿದ್ದೇನೆ. ಭಾರವೆನಿಸಿದರೆ ಜೇಬಿನ ಕ್ಯಾಮೆರಾ, ಇಲ್ಲದಿದ್ದರೆ ಇದನ್ನೇ ಒಯ್ಯಲಿ. ಮೊನ್ನೆ ಕಾಫಿಗೆ ಬಂದಾಗ ಗೋಡೆಯ ಮೇಲಿನ ಚಿತ್ರ ನೋಡಿದರು. ಎರಡು ಪ್ರಯಾಣದಿಂದ ನಾನು ದೊಡ್ಡದಾಗಿ ಮುದ್ರಿಸಿದ್ದು ಅದೊಂದನ್ನೇ. ತಿಮಿಂಗಿಲದ್ದಲ್ಲ, ಬೀಳುವ ಹಿಮದ್ದೂ ಅಲ್ಲ. ನನ್ನಾಕೆ ಕೆಂಪು ಶಾಲು ಹೊದ್ದು ಕಟಕಟೆಯ ಬಳಿ ನಿಂತಿದ್ದಾಳೆ, ಹಿಂದೆ ಮಾರ್ಜರಿಯ ನೀಲಿ ಗೋಡೆ, ಎಡಗಡೆ ಬೆಟ್ಟದ ಕಪ್ಪು ಬಂಡೆಯೊಂದು ಗುರುತಿಗೆ. ಚೌಕಟ್ಟನ್ನು ಗೋಡೆಯಿಂದ ಇಳಿಸಿ ಹಿಂಬದಿ ತೋರಿಸಿದೆ. ಹಳೆಯ ಸ್ಟುಡಿಯೊದವರು ಬರೆಯುತ್ತಿದ್ದ ಹಾಗೆ ಪೆನ್ಸಿಲಿನಲ್ಲಿ ದಿನಾಂಕ, ಗಂಟೆ, ನಿಮಿಷ, ಅಕ್ಷಾಂಶ, ರೇಖಾಂಶ, ಲೆನ್ಸಿನ ಮಿಲಿಮೀಟರು ಬರೆದಿಟ್ಟಿದ್ದೇನೆ. ಅವರು ಮೊಬೈಲ್ ತೆಗೆದು ಅದರ ಫೋಟೊ ತೆಗೆದುಕೊಂಡರು.